ಕೋಳಿಕಾಲಿನ ಬೆಕ್ಕು

ನಮ್ಮ ಮನೆಗೆ ಯಾರು ಬೇಕಾದರೂ ಬರಬಹುದಿತ್ತು, ಬೆಕ್ಕೊಂದನ್ನು ಬಿಟ್ಟು. ಒಡಿಶಾದವರು ಬಂದರು, ಬಿಹಾರದವರು ಬಂದರು, ಅಜ್ಜಿಯ ಬಾಯಲ್ಲಿ ಹೆಸರೇ ಹೊರಳದ ಊರುಗಳಿಂದಲೂ ಬಂದರು. ಕೊಳಾಯಿ ಎಲ್ಲಿ, ಬಚ್ಚಲು ಎಲ್ಲಿ, ತುಳಸಿಕಟ್ಟೆಯ ಮೇಲೆ ಬಟ್ಟೆ ಒಣಹಾಕಿದರೆ ಏನಾಗುತ್ತದೆ ಎಂಬುದನ್ನೆಲ್ಲ ಕೈಸನ್ನೆಯಲ್ಲೇ ತಿಳಿಸಿ ಅಜ್ಜಿ ಅವರನ್ನು ಒಳಗೆ ಬಿಟ್ಟುಕೊಂಡಳು. ಬೆಕ್ಕು ಮಾತ್ರ ಕಾಂಪೌಂಡಿನ ಮೇಲೆ ಕಂಡರೂ ಸಾಕು, ಅವಳ ಕೈಗೆ ಪೊರಕೆ ಬರುತ್ತಿತ್ತು. ತಾತ ಕೆರೆ ಪಕ್ಕದ ಕೊನೆಯ ಹೊಲದ ಪತ್ರಕ್ಕೆ ಸಹಿ ಹಾಕಲು ಹೊರಟ ಬೆಳಿಗ್ಗೆ ಬೆಕ್ಕೊಂದು ಅಡ್ಡ ಬಂದಿತ್ತಂತೆ. ಒಂದು ಗಳಿಗೆ ಕೂತು ನೀರು ಕುಡಿದು ಹೋಗು ಎಂದು ಅಜ್ಜಿ ಹೇಳಿದ್ದಳಂತೆ, ತಾತ ಕೇಳಲಿಲ್ಲವಂತೆ. ಆ ಹೊಲದಲ್ಲಿ ಆಮೇಲೆ ಗಾಜಿನ ಕಟ್ಟಡ ಎದ್ದಿತು. ಊರಿನ ಎಲ್ಲರ ಹೊಲಗಳೂ ಹಾಗೇ ಹೋದವಲ್ಲ, ಎಲ್ಲರಿಗೂ ಬೆಕ್ಕು ಅಡ್ಡ ಬಂದಿತ್ತಾ ಎಂದು ಅಪ್ಪ ಕೆಣಕಿದರೆ ಅಜ್ಜಿ ಸೋಲುತ್ತಿರಲಿಲ್ಲ.

“ಅವಾಗ ಊರ್ ತುಂಬಾ ಬೆಕ್ಕೇ ಇದ್ವು ಕಣೋ.”

ಪಟ್ಟಂದೂರು ಅಗ್ರಹಾರದ ನಮ್ಮ ಮನೆಯ ಹಿಂದೆ ಹಿಂದೊಮ್ಮೆ ರಾಗಿ ಒಕ್ಕುವ ಕಣವಿತ್ತು. ನಾನು ಕಣ್ಣುಬಿಡುವ ಹೊತ್ತಿಗೆ ಅದು ಒಂಬತ್ತು ಬಾಡಿಗೆ ರೂಮುಗಳ ಸಾಲಾಗಿತ್ತು. ರೂಮುಗಳ ಮುಂದೆ ಉದ್ದನೆಯ ಪ್ಯಾಸೇಜು, ಆ ತುದಿಗೆ ಕೊಳಾಯಿ, ಈ ತುದಿಗೆ ನಮ್ಮ ಹಿತ್ತಿಲ ಬಾಗಿಲು. ಬಾಗಿಲ ಪಕ್ಕದ ಗೋಡೆಯ ಮೇಲೆ ಒಂಬತ್ತು ಕರೆಂಟ್ ಮೀಟರುಗಳು, ಅವುಗಳ ಕೊನೆಯಲ್ಲಿ ಮೀಟರ್ ಇಲ್ಲದ ಒಂದು ಖಾಲಿ ಮರದ ಪೆಟ್ಟಿಗೆ. ಹತ್ತನೆಯ ರೂಮು ಕಟ್ಟುವ ಆಸೆಯಲ್ಲಿ ಅಪ್ಪ ಮೊದಲೇ ಹೊಡೆಸಿಟ್ಟದ್ದು ಅದು. ಸಂಜೆಯಾದರೆ ಒಂಬತ್ತು ರೂಮುಗಳಿಂದ ಒಂಬತ್ತು ಬಗೆಯ ಒಗ್ಗರಣೆಯ ವಾಸನೆ ಪ್ಯಾಸೇಜಿಗೆ ಬಂದು ಸೇರುತ್ತಿತ್ತು. ಯಾರೋ ಸಾಸಿವೆ ಎಣ್ಣೆ ಕಾಯಿಸುವರು, ಯಾರೋ ಒಣಮೀನು ಹುರಿಯುವರು, ಅಜ್ಜಿ ಮೂಗಿಗೆ ಸೆರಗು ಹಿಡಿದು ಒಳಗೆ ಬಂದು ಮುದ್ದೆ ಕಟ್ಟಲು ಕೂರುವಳು. ಅಮ್ಮ ಕೋಲು ಹಾಕಿ ತಿರುವಿದ ಹಿಟ್ಟನ್ನು ಅಜ್ಜಿ ಒದ್ದೆ ಕೈಯಲ್ಲಿ ಹೊರಳಿಸಿ ಮುದ್ದೆ ಕಟ್ಟಿದರೆ, ಮೊದಲ ಮುದ್ದೆ ನನ್ನ ತಟ್ಟೆಗೆ ಬೀಳಬೇಕು. ಅಪ್ಪನಿಗೂ ಎರಡನೆಯದೇ. ಮನೆಯ ಹೆಣ್ಣುಮಗಳು ಮೊದಲು ಉಂಡರೆ ಮನೆಗೆ ಒಳ್ಳೆಯದು ಎಂಬುದು ಅವಳ ಕಟ್ಟಳೆ. ಆ ಕಟ್ಟಳೆಯಿಂದ ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಬೇಡ ಎಂದದ್ದರ ಮೇಲೇ ಮಕ್ಕಳ ಕಣ್ಣು. ಮನೆಯಲ್ಲಿ ಬೆಕ್ಕಿಲ್ಲದ್ದರಿಂದ ನಾನು ಬೆಕ್ಕು ಬರೆಯತೊಡಗಿದೆ. ಐದನೇ ಕ್ಲಾಸಿನ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳೆಲ್ಲ ಬೆಕ್ಕೇ. ನನಗೆ ಬರೆಯಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ನನ್ನ ಬೆಕ್ಕುಗಳಿಗೆ ಹೊಟ್ಟೆ ಮುದ್ದೆಯಷ್ಟು ಗುಂಡಗೆ, ಎಡಗಿವಿ ಯಾವಾಗಲೂ ಮುರಿದು ಬಿದ್ದ ಹಾಗೆ ವಾಲಿರುತ್ತಿತ್ತು. ನೆಟ್ಟಗೆ ಬರೆಯಬೇಕೆಂದು ಎಷ್ಟು ಉಸಿರು ಬಿಗಿಹಿಡಿದರೂ ಕಿವಿ ವಾಲಿಯೇ ತೀರುವುದು. ಕಾಲು ಮಾತ್ರ ಬರೆಯಲು ಬರುತ್ತಲೇ ಇರಲಿಲ್ಲ. ಆದ್ದರಿಂದ ನನ್ನ ಬೆಕ್ಕುಗಳು ಕಾಲಿಲ್ಲದೆ ಹುಲ್ಲಿನ ಹಿಂದೆ ಕೂತಿರುತ್ತಿದ್ದವು.

ಹಾಗಿರುವಾಗ ನಾಲ್ಕನೇ ರೂಮಿಗೆ ಪದ್ಮಕ್ಕ ಬಂದಳು. ಮುಳಬಾಗಿಲಿನ ಕಡೆಯವಳು, ಐಟಿ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸ. ಒಂದು ಟ್ರಂಕು, ಒಂದು ಸ್ಟೌವು, ಒಂದು ಬಕೆಟ್ಟು ಇಟ್ಟುಕೊಂಡು ಅಂಗಳದಲ್ಲಿ ನಿಂತಿದ್ದವಳನ್ನು ಅಜ್ಜಿ ಮೇಲಿಂದ ಕೆಳಗೆ ನೋಡಿದ್ದು ನನಗೆ ನೆನಪಿದೆ.

“ಒಬ್ಳೇನಾ? ಗಂಡ ಎಲ್ಲಮ್ಮ?”

“ಇದ್ದಾನೆ ಅಜ್ಜಿ. ನನ್ ಜೊತೆ ಇಲ್ಲ.”

ಒಂಟಿ ಹೆಂಗಸಿಗೆ ರೂಮು ಕೊಡಬೇಡ ಎಂದು ಅಜ್ಜಿ, ಪಾಪ ಇನ್ನೆಲ್ಲಿ ಹೋಗ್ತಾಳೆ ಎಂದು ಅಮ್ಮ. ಅಡುಗೆಮನೆಯಲ್ಲಿ ಎರಡು ದಿನ ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ಅಪ್ಪ ಎರಡೂ ಕಡೆ ತಲೆಯಾಡಿಸಿ ಕೊನೆಗೆ ಬೀಗದ ಕೈ ಕೊಟ್ಟ. ಪದ್ಮಕ್ಕ ಬೆಳಿಗ್ಗೆ ನಾನು ಏಳುವ ಮೊದಲೇ ನೀಲಿ ಸಮವಸ್ತ್ರ ಹಾಕಿಕೊಂಡು ಹೋಗಿ, ನಾನು ಸ್ಕೂಲಿಂದ ಬಂದು ಸ್ವಲ್ಪ ಹೊತ್ತಿಗೆ ಬರುತ್ತಿದ್ದಳು. ಒಂದು ಸಂಜೆ ಕೊಳಾಯಿ ಕಟ್ಟೆಯ ಮೇಲೆ ಕೂತು ನಾನು ಬೆಕ್ಕು ಬರೆಯುತ್ತಿದ್ದಾಗ ಅವಳು ಬಕೆಟ್ಟು ತುಂಬಲು ಇಟ್ಟು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಇದ್ಯಾಕೆ ಇದು ನಿಲ್ಲಲ್ಲ? ಕಾಲಿಲ್ವಾ?”

“ಕಾಲು ಬರಲ್ಲ ನಂಗೆ.”

“ಕೊಡಿಲ್ಲಿ.”

ಅವಳು ಹುಲ್ಲಿನ ಕೆಳಗೆ ಎರಡು ಕೋಳಿಕಾಲು ಬರೆದಳು. ಮೂರು ಬೆರಳು ಮುಂದೆ, ಒಂದು ಹಿಂದೆ, ಮೊಣಕಾಲಿಗೆ ಒಂದು ಗಂಟು. ನನ್ನ ಗುಂಡು ಬೆಕ್ಕು ಆ ಕಡ್ಡಿಕಾಲುಗಳ ಮೇಲೆ ಎದ್ದು ನಿಂತಿತು. ನಾನು ನಕ್ಕ ಸದ್ದಿಗೆ ಅಜ್ಜಿ ಒಳಗಿಂದ ಏನದು ಎಂದು ಕೂಗಿದಳು. ಇಬ್ಬರೂ ಹಾಳೆಯನ್ನು ಬಕೆಟ್ಟಿನ ಹಿಂದೆ ಅಡಗಿಸಿದೆವು. ನನ್ನ ಬಾಲ್ಯದ ಅತಿ ದೊಡ್ಡ ಸುಖ ಶುರುವಾದದ್ದು ಹಾಗೆ.

ಖಾಲಿ ಮೀಟರ್ ಪೆಟ್ಟಿಗೆ ನಮ್ಮ ಅಂಚೆಡಬ್ಬಿಯಾಯಿತು. ಊರಲ್ಲಿ ಎಲ್ಲರಿಗೂ ನೆಂಟರಾಗಿದ್ದ ನಮ್ಮ ಮನೆಗೆ ಲಗ್ನಪತ್ರಿಕೆಗಳಿಗೆ ಬರವಿರಲಿಲ್ಲ. ಅವುಗಳ ಒಳಹಾಳೆಯ ಒಂದು ಮಗ್ಗುಲು ಖಾಲಿ, ದಪ್ಪ, ನುಣುಪು. ಅದರ ಮೇಲೆ ನಾನು ಬರೆದು ಪೆಟ್ಟಿಗೆಯಲ್ಲಿಟ್ಟರೆ ಮರುದಿನ ಪದ್ಮಕ್ಕ ಏನಾದರೂ ಸೇರಿಸಿ ಇಟ್ಟಿರುತ್ತಿದ್ದಳು. ಆಟಕ್ಕೆ ಅವಳು ಮಾಡಿದ ಕಾನೂನು ಚಿಕ್ಕದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಬಾರದು. ಇದು ಹೀಗ್ಯಾಕೆ ಎಂದು ಕೇಳಬಾರದು. ಕೈಗೆ ಸಿಕ್ಕ ಚಿತ್ರಕ್ಕೆ ಏನಾದರೂ ಸೇರಿಸದೆ ವಾಪಸ್ ಇಡಬಾರದು. ಹೀಗೆ ಕೊರಳಿಗೆ ಆಫೀಸಿನ ಟ್ಯಾಗು ಹಾಕಿಕೊಂಡು ಕ್ಯಾಬಿಗೆ ಕಾಯುವ ಬೆಕ್ಕು ಹುಟ್ಟಿತು, ಒಂಬತ್ತು ರೂಮಿನ ಒಂಬತ್ತು ಬಗೆಯ ಚಪ್ಪಲಿ ಮೆಟ್ಟಿದ ಒಂಬತ್ತು ಕಾಲಿನ ಪ್ರಾಣಿ ಹುಟ್ಟಿತು. ಒಂದು ದಿನ ಪೆಟ್ಟಿಗೆ ತೆಗೆದರೆ ನಮ್ಮ ಬೆಕ್ಕಿನ ಮೂಗಿನ ಮೇಲೆ ಒಂದು ಕೊಂಬು! ನಾನೂ ಬರೆದಿಲ್ಲ, ಪದ್ಮಕ್ಕನೂ ಬರೆದಿಲ್ಲ. ಮೂರು ದಿನದ ಮೇಲೆ ಕಳ್ಳ ಸಿಕ್ಕಿದ. ಏಳನೇ ರೂಮಿನ ದೀಪಕ್ ಅಂಕಲ್, ಅಸ್ಸಾಮಿನವರು, ಅರ್ಧ ನರೆತ ಮೀಸೆಯ ಸೆಕ್ಯುರಿಟಿ ಗಾರ್ಡು. ಮೀಟರ್ ನೋಡಲು ಬಂದವರು ಪೆಟ್ಟಿಗೆಯನ್ನೂ ನೋಡಿದ್ದರು.

“ನಮ್ಮ ಊರಲ್ಲಿ ಇದೆ,” ಎಂದು ಅವರು ಮೂಗಿನ ಮೇಲೆ ಬೆರಳು ನಿಲ್ಲಿಸಿ ತೋರಿಸಿದರು. “ದೊಡ್ಡದು. ಒಂದು ಕೊಂಬು. ತುಂಬಾ ಕೋಪ.”

ಅಲ್ಲಿಂದ ಮೂವರಾದೆವು. ಮೂವರಲ್ಲಿ ಒಬ್ಬರಿಗೂ ಚಿತ್ರ ಬರೆಯಲು ನಿಜವಾಗಿ ಬರುತ್ತಿರಲಿಲ್ಲ. ಯಾರ ಗೆರೆ ಯಾರದು ಎಂದು ಕುರುಡರಿಗೂ ಗೊತ್ತಾಗುವಂತಿತ್ತು. ವಾಲಿದ ಕಿವಿ ನನ್ನದು, ಕೋಳಿಕಾಲು ಪದ್ಮಕ್ಕನದು, ಕೊಂಬು ದೀಪಕ್ ಅಂಕಲ್‌ದು.

ಎರಡು ವರ್ಷ ಕಳೆದ ಮೇಲೆ ಅಪ್ಪ ರೂಮುಗಳ ಮೇಲೆ ಮಹಡಿ ಎಬ್ಬಿಸಿದ. ಕಂಬಿಗಳು ಆಕಾಶಕ್ಕೆ ಎದ್ದವು, ಅಂಗಳ ಜಲ್ಲಿಯಾಯಿತು, ಅಮ್ಮನ ಸಾರಿಗೂ ಸಿಮೆಂಟಿನ ಧೂಳು ಬೀಳತೊಡಗಿತು. ಮೋಲ್ಡ್ ಹಾಕುವ ದಿನ, ಅಂದರೆ ಚಾವಣಿಗೆ ಕಾಂಕ್ರೀಟು ಸುರಿಯುವ ದಿನ, ಹತ್ತಿರ ಬಂದಾಗ ಕಟ್ಟಡಕ್ಕೆ ದೃಷ್ಟಿಕಾಯಿ ಕಟ್ಟಬೇಕಾಯಿತು. ನಮ್ಮ ಕಡೆ ಕಟ್ಟುವ ಮನೆಗೆಲ್ಲ ಬೂದುಗುಂಬಳಕಾಯಿಯ ಮೇಲೆ ರಾಕ್ಷಸನ ಮುಖ ಬರೆದು ನೇತುಹಾಕುತ್ತಾರೆ, ಹಾದುಹೋಗುವವರ ಕೆಟ್ಟ ಕಣ್ಣು ಮನೆಯ ಮೇಲೆ ಬೀಳದೆ ಅದರ ಮೇಲೆ ಬೀಳಲಿ ಎಂದು. ನಮ್ಮ ಮನೆಯಲ್ಲಿ ಆ ಮುಖ ಬರೆಯುವವಳು ಅಜ್ಜಿಯೇ, ಸುಣ್ಣ ಮತ್ತು ಇದ್ದಿಲಿನಲ್ಲಿ. ಆ ಸಲ ಅವಳ ಕೈ ನಡುಗುತ್ತಿತ್ತು. ಎರಡು ಸಲ ಬರೆದು ಎರಡು ಸಲ ಒರೆಸಿ ಕೊನೆಗೆ ಅಜ್ಜಿ ಮಾಡಿದ ಕೆಲಸ ಯಾರೂ ನಿರೀಕ್ಷಿಸದ್ದು. ಪ್ಯಾಸೇಜಿನಲ್ಲಿ ನಿಂತು ನಾಲ್ಕನೇ ರೂಮಿನ ಕಡೆ ಕೂಗಿದಳು.

“ಪದ್ಮಮ್ಮಾ, ನಿನ್ ಬಾಗಿಲ ಮುಂದಿನ ರಂಗೋಲಿ ನೋಡಿವ್ನಿ. ಗೆರೆ ಗಟ್ಟಿ ಐತೆ. ಬಂದು ಬರ್ಕೊಡು.”

ಪದ್ಮಕ್ಕನ ಮುಖ ಕೆಂಪೇರಿತು. ಒಂಟಿ ಹೆಂಗಸೆಂದು ಬಾಗಿಲಲ್ಲೇ ನಿಲ್ಲಿಸಿದ್ದ ಮನೆಯವರು ಈಗ ಮನೆ ಕಾಯುವ ಮುಖವನ್ನೇ ಅವಳ ಕೈಯಿಂದ ಬರೆಸುತ್ತಿದ್ದರು. ಅಂದು ಅವಳಿಗೆ ರಜೆ. ತಲೆಗೆ ಸ್ನಾನ ಮಾಡಿ ಬಂದು, ಕಾಯಿಯ ಮೇಲಿನ ಬೂದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಪ್ಪ ತಂದ ಪೇಂಟಿನಲ್ಲಿ ಒಂದೊಂದೇ ಗೆರೆ ಎಳೆದಳು. ದೊಡ್ಡ ಕಣ್ಣು, ಕೋರೆಹಲ್ಲು, ಹೊರಚಾಚಿದ ಕೆಂಪು ನಾಲಿಗೆ. ಅಜ್ಜಿ ದೂರದಿಂದ ನೋಡಿ ಭಯ ಆಗ್ತದೆ ಕಣಮ್ಮ ಎಂದು ಒಪ್ಪಿಗೆ ಕೊಟ್ಟಳು. ಕಾಯಿಯನ್ನು ಒಣಗಲು ಹಿತ್ತಿಲ ಜಗಲಿಯ ಮೇಲಿಟ್ಟು ಎಲ್ಲರೂ ಊಟಕ್ಕೆ ಹೋದರು. ಜಗಲಿಯ ಮೇಲುಗಡೆಯೇ ಇತ್ತು ನಮ್ಮ ಮೀಟರ್ ಪೆಟ್ಟಿಗೆ.

ನಾನು ಸ್ಕೂಲಿಂದ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆಯ ಕೆಳಗೆ ಪದ್ಮಕ್ಕ ಬರೆದ ಮುಖ, ಪಕ್ಕದಲ್ಲಿ ಪೇಂಟು, ಕುಂಚ. ಕಿವಿ ಇಲ್ಲ. ಈಗ ಎಷ್ಟು ಯೋಚಿಸಿದರೂ ಆಗ ನನ್ನ ತಲೆಯಲ್ಲಿ ಇನ್ನೇನೂ ಇರಲಿಲ್ಲವೆಂದೇ ಹೇಳಬೇಕು. ಅವಳು ಬರೆದಿಟ್ಟಿದ್ದಾಳೆ, ನಾನು ಸೇರಿಸಬೇಕು. ಎರಡು ವರ್ಷ ಅದೇ ರೂಢಿಯಾಗಿತ್ತು. ಎರಡು ಕಿವಿ ಬರೆದೆ, ಒಂದು ನೆಟ್ಟಗೆ, ಒಂದು ವಾಲಿದ್ದು. ಕೆನ್ನೆಗೆ ಮೂರು ಮೂರು ಎಳೆ ಮೀಸೆ ಎಳೆದೆ. ಕೋರೆಹಲ್ಲಿನ ರಾಕ್ಷಸ ಹಾಲು ಕದ್ದು ಸಿಕ್ಕಿಬಿದ್ದ ಬೆಕ್ಕಾಯಿತು. ಪದ್ಮಕ್ಕ ನೋಡಿದರೆ ಎಷ್ಟು ನಗಬಹುದೆಂದು ಕೈ ತೊಳೆದುಕೊಂಡು ಆಟಕ್ಕೆ ಹೋದೆ. ಕತ್ತಲಾದ ಮೇಲೆ ಮೇಸ್ತ್ರಿ ಆತುರದಲ್ಲಿ ಬಂದು, ಕಾಯಿಗೆ ಹಗ್ಗ ಹಾಕಿ, ಮುಖ ನಮ್ಮ ಹಿತ್ತಿಲ ಬಾಗಿಲಿಗೆ ಎದುರಾಗುವ ಹಾಗೆ ಮೇಲೆ ಕಟ್ಟಿಬಿಟ್ಟ.

ಮರುದಿನವೇ ಮೋಲ್ಡು. ಅಜ್ಜಿ ಎದ್ದು, ಅಂಗೈ ನೋಡಿಕೊಂಡು, ಬಾಗಿಲು ತೆಗೆದು ಕತ್ತೆತ್ತಿದರೆ ಎದುರಿಗೆ ಬೆಕ್ಕಿನ ಮುಖ. ಅವಳ ಕೂಗಿಗೆ, ಆಗಲೇ ಕೆಲಸಕ್ಕೆ ಹೋಗಿದ್ದ ಪದ್ಮಕ್ಕನದೊಂದು ಬಿಟ್ಟು, ಎಲ್ಲ ರೂಮಿನ ಬಾಗಿಲೂ ತೆರೆದವು. ಇಳಿಸುವಂತಿಲ್ಲ, ಯಾಕೆಂದರೆ ಕಟ್ಟಿದ ದೃಷ್ಟಿಕಾಯಿಯನ್ನು ಮನೆ ಮುಗಿಯುವ ತನಕ ಮುಟ್ಟಬಾರದು ಎಂಬುದೂ ಅವಳದೇ ಕಟ್ಟಳೆ. ಸಾಲದ್ದಕ್ಕೆ ಅರ್ಧ ಚಾವಣಿ ಆದಾಗ ಕಾಂಕ್ರೀಟು ಕಲೆಸುವ ಮೆಷಿನ್ನು ಕೆಟ್ಟು ನಿಂತಿತು. ಅದನ್ನು ರಿಪೇರಿ ಮಾಡಿ ಸಂಜೆಗೆ ಕೆಲಸ ಮುಗಿಸಿದರೆನ್ನಿ. ಆದರೆ ಅಜ್ಜಿಗೆ ಬೇಕಾದ ಸಾಕ್ಷಿ ಸಿಕ್ಕಾಗಿತ್ತು. ಕೆಲಸದಿಂದ ಬಂದ ಪದ್ಮಕ್ಕನನ್ನು ಅಂಗಳದಲ್ಲೇ ನಿಲ್ಲಿಸಿದಳು.

“ಏನಮ್ಮಾ ಇದು? ದಿಷ್ಟಿಕಾಯಿ ಬರಿ ಅಂದ್ರೆ ಬೆಕ್ಕು ಬರ್ದಿದ್ಯಾ? ನಮ್ ಮನೇಗೆ?”

ಪದ್ಮಕ್ಕ ತಲೆಯೆತ್ತಿದಳು. ವಾಲಿದ ಕಿವಿ ನೋಡಿದಳು. ಆಮೇಲೆ ಅಮ್ಮನ ಸೀರೆ ಹಿಡಿದು ನಿಂತಿದ್ದ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

“ಕೈ ತಪ್ತು ಅಜ್ಜಿ. ನಾನೇ ಬರ್ದೆ.”

“ಕೈ ತಪ್ಪಿದ್ರೆ ಕಿವಿ ಬರ್ತವಾ? ಈ ತಿಂಗ್ಳು ಕಳೀಲಿ, ಬ್ಯಾರೆ ಕಡೆ ನೋಡ್ಕೊ.”

ಅಮ್ಮ ಏನೋ ಹೇಳಹೋದಳು, ಅಪ್ಪ ಸುಮ್ಮನಿರಲು ಸನ್ನೆ ಮಾಡಿದ. ಅಂದು ರಾತ್ರಿಯೂ ಮೊದಲ ಮುದ್ದೆ ನನ್ನ ತಟ್ಟೆಗೇ ಬಿತ್ತು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಾನು ಅದರ ಜೊತೆ ಹೇಳಬೇಕಾದ ಮಾತನ್ನೂ ನುಂಗಿದೆ. ಅಜ್ಜಿ ನನ್ನನ್ನು ಹೊಡೆಯುತ್ತಿದ್ದವಳಲ್ಲ, ಬೈಯುತ್ತಿದ್ದುದೂ ಕಡಿಮೆ. ನನಗಿದ್ದದ್ದು ಆ ಮೊದಲ ಮುದ್ದೆ ತಪ್ಪಿಹೋಗುತ್ತದೆಂಬ ಭಯ. ಇಷ್ಟು ಸಣ್ಣ ಕಾರಣಕ್ಕೆ ಒಬ್ಬಳ ಮನೆ ಹೋಗುವುದನ್ನು ನೋಡುತ್ತ ಕೂತಿದ್ದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ದಿನಾ ರಾತ್ರಿ ನಾಳೆ ಹೇಳುತ್ತೇನೆ ಎಂದುಕೊಳ್ಳುವುದು, ದಿನಾ ಬೆಳಿಗ್ಗೆ ಸ್ಕೂಲಿಗೆ ಓಡುವುದು. ಪೆಟ್ಟಿಗೆಯಲ್ಲಿ ಯಾರೂ ಏನೂ ಇಡಲಿಲ್ಲ. ದೀಪಕ್ ಅಂಕಲ್ ಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಡ್ಯೂಟಿಗೆ ಹೋದರು.

ಪದ್ಮಕ್ಕ ಕೆಲಸ ಮುಗಿಸಿ ಬಂದವಳು ಮತ್ತೆ ರೂಮು ಹುಡುಕಲು ಹೊರಡುತ್ತಿದ್ದಳು. ಎಲ್ಲ ಮನೆಗಳಲ್ಲೂ ನಮ್ಮ ಅಜ್ಜಿಯಂಥವರೇ ಇದ್ದರಲ್ಲ. ಒಬ್ಬಳೇನಾ, ಗಂಡ ಎಲ್ಲಿ ಎನ್ನುವ ಪ್ರಶ್ನೆಯ ಆಚೆಗೆ ಅವಳಿಗೆ ಯಾರ ಬಾಗಿಲೂ ತೆರೆಯಲಿಲ್ಲ. ತಿಂಗಳು ಮುಗಿಯುತ್ತ ಬಂದಿತ್ತು. ಹನ್ನೊಂದನೆಯ ದಿನ ಸಂಜೆ ಕೊಳಾಯಿಯ ಹತ್ತಿರ ಕಾಲಿನ ಧೂಳು ತೊಳೆಯುತ್ತ, ಪಕ್ಕದಲ್ಲಿ ಬಿಂದಿಗೆ ಹಿಡಿದು ನಿಂತಿದ್ದ ನನ್ನನ್ನು ಮಾಮೂಲಿನ ಹಾಗೆ ಕೇಳಿದಳು.

“ಶೈಲು, ನಿಮ್ ಸ್ಕೂಲ್ ದಾರೀಲಿ ಎಲ್ಲಾದ್ರೂ ಟು ಲೆಟ್ ಬೋರ್ಡ್ ನೋಡಿದ್ಯೇನಮ್ಮಾ?”

ದನಿಯಲ್ಲಿ ಕೋಪವಿರಲಿಲ್ಲ, ಚುಚ್ಚುಮಾತೂ ಇರಲಿಲ್ಲ. ನಿಜಕ್ಕೂ ಬೋರ್ಡಿಗಾಗಿ ಕೇಳುತ್ತಿದ್ದಳು. ಬೈದಿದ್ದರೆ ನಾನು ಇನ್ನೂ ನಾಲ್ಕು ದಿನ ತಳ್ಳುತ್ತಿದ್ದೆನೋ ಏನೋ. ಬಿಂದಿಗೆ ಅರ್ಧಕ್ಕೇ ಎತ್ತಿಕೊಂಡು ಒಳಗೆ ಬಂದೆ. ಅಜ್ಜಿ ಮುದ್ದೆ ಕಟ್ಟುತ್ತಿದ್ದಳು. ಮೊದಲನೆಯದನ್ನು ನನ್ನ ತಟ್ಟೆಗೆ ಹಾಕಿದಾಗ ನಾನು ಅದನ್ನು ತೆಗೆದು ಅವಳ ಮುಂದಿನ ಮಣೆಯ ಮೇಲೆ ವಾಪಸ್ ಇಟ್ಟೆ.

“ಕಿವಿ ನಾನು ಬರ್ದಿದ್ದು ಅಜ್ಜಿ.”

“ಯಾರ್ ಕಿವಿ?”

“ಕುಂಬಳಕಾಯಿದು. ಮೀಸೇನೂ ನಾನೇ. ಪದ್ಮಕ್ಕ ಏನೂ ಮಾಡಿಲ್ಲ.”

ಅಮ್ಮನ ಕೈಯ ಕೋಲು ನಿಂತಿತು. ಅಪ್ಪ ಟಿವಿ ಆರಿಸಿದ. ನಾನು ಅಳುತ್ತಲೇ ಎದ್ದು ಹೋಗಿ ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದ ಲಗ್ನಪತ್ರಿಕೆಗಳ ಕಟ್ಟನ್ನು ತಂದು ಅಜ್ಜಿಯ ಮುಂದೆ ಹಾಕಿದೆ. ಅವಳು ಕೈ ತೊಳೆದು, ಕನ್ನಡಕ ಏರಿಸಿ, ಒಂದೊಂದೇ ಹಾಳೆ ತಿರುವಿದಳು. ಎರಡು ವರ್ಷದ ಬೆಕ್ಕುಗಳು, ಎಲ್ಲವುಗಳ ಎಡಗಿವಿಯೂ ವಾಲಿದ್ದು. ಅಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ ಇದನ್ನು ಓದಲು ಅಕ್ಷರ ಬೇಕಿರಲಿಲ್ಲ. ಕನ್ನಡಕ ತೆಗೆದಿಟ್ಟು ಎದ್ದಳು. ನನ್ನ ಕೈ ಹಿಡಿದು ಪ್ಯಾಸೇಜಿನುದ್ದಕ್ಕೂ ನಡೆಸಿಕೊಂಡು ನಾಲ್ಕನೇ ರೂಮಿನ ಮುಂದೆ ನಿಂತಳು. ಬಾಡಿಗೆಯವರ ಹೊಸ್ತಿಲ ಹತ್ತಿರಕ್ಕೆ ಅವಳು ಹೋದದ್ದನ್ನು ನಾನು ಅದೇ ಮೊದಲು ಕಂಡದ್ದು. ಒಳಗೆ ಪದ್ಮಕ್ಕ ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು.

“ನಂಗ್ಯಾಕೆ ಸುಳ್ಳೇಳ್ದೆ?”

ಪದ್ಮಕ್ಕ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಉತ್ತರಕ್ಕೆ ತಡಮಾಡಲಿಲ್ಲ.

“ಅವತ್ತು ನೀವು ಬೆಕ್ಕಿನ ಮುಖ ನೋಡಿದ್ರಿ ಅಜ್ಜಿ. ನಾನು ಈ ಮಗು ಮುಖ ನೋಡ್ದೆ.”

ಅಜ್ಜಿ ಗಂಟಿನ ಕಡೆ ನೋಡಿದಳು. ತಪ್ಪಾಯಿತು ಎನ್ನುವುದು ಅವಳ ಬಾಯಿಗೆ ಅಭ್ಯಾಸವಿಲ್ಲದ ಮಾತು, ಅಂದೂ ಬರಲಿಲ್ಲ.

“ಗಂಟು ಬಿಚ್ಚು,” ಎಂದಳು. “ಊಟಕ್ಕೆ ಬಾ. ಮುದ್ದೆ ಆರೋಗ್ತದೆ.”

ಅಂದು ಪದ್ಮಕ್ಕ ನಮ್ಮ ಅಡುಗೆಮನೆಯಲ್ಲಿ ಕೂತು ಉಂಡಳು. ನಾನು ವಾಪಸ್ ಇಟ್ಟಿದ್ದ ಮೊದಲ ಮುದ್ದೆ ಅವಳ ತಟ್ಟೆಗೆ ಹೋಯಿತು. ನನಗೆ ಕೊನೆಯದು, ತಳ ಹಿಡಿದದ್ದು. ನಾನು ಅಷ್ಟು ಹೆದರಿದ್ದ ಸಂಗತಿ ನಡೆದೇಹೋಗಿತ್ತು, ಮತ್ತು ಅದರಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಹೊಟ್ಟೆ ತುಂಬಿತು. ನೋವಾದದ್ದು ಆಮೇಲೆ, ಕೈ ತೊಳೆಯಲು ಕೊಳಾಯಿಗೆ ಹೋದಾಗ. ಪದ್ಮಕ್ಕ ನನ್ನ ಪಕ್ಕ ನಿಂತು, ಯಾರಿಗೂ ಕೇಳಿಸದ ಹಾಗೆ ಹೇಳಿದಳು.

“ಹನ್ನೊಂದು ದಿನ ಕಾದೆ ಶೈಲು. ದಿನಾ ಬರುವಾಗ, ಇವತ್ತು ಹೇಳಿರ್ತಾಳೆ ಅಂದ್ಕೊಂಡೇ ಬರ್ತಿದ್ದೆ.”

ಅಷ್ಟೇ. ಆ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ. ನನಗೆ ಮಾತ್ರ ಅದು ಹೋಗಲಿಲ್ಲ. ಈಗಲೂ ಆಫೀಸಿನಲ್ಲಿ, ಮನೆಯಲ್ಲಿ, ಯಾರು ಮಾಡಿದ್ದು ಇದು ಎಂದು ಯಾರಾದರೂ ಕೇಳಿದರೆ ನಾನು ಗಡಿಬಿಡಿಯಲ್ಲಿ ಕೈಯೆತ್ತಿಬಿಡುತ್ತೇನೆ. ಎಷ್ಟೋ ಸಲ ನಾನು ಮಾಡಿರುವುದೇ ಇಲ್ಲ. ಮನೆಯವರು ನಗುತ್ತಾರೆ. ಅವರಿಗೆ ಹನ್ನೊಂದು ದಿನದ ಲೆಕ್ಕ ಗೊತ್ತಿಲ್ಲ.

ಬೆಕ್ಕು ಮನೆ ಮುಗಿಯುವ ತನಕ ಅಲ್ಲೇ ತೂಗಿತು. ಕಾಂಕ್ರೀಟು ಗಟ್ಟಿಯಾಗಲೆಂದು ಚಾವಣಿಗೆ ಕ್ಯೂರಿಂಗಿನ ನೀರು ಬಿಡುವಾಗಲೆಲ್ಲ ಅದರ ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಮೊದಲ ವಾರ ಅಜ್ಜಿ ಕಣ್ಣುಮುಚ್ಚಿಕೊಂಡು ಬಾಗಿಲು ತೆಗೆದು ಜಗಲಿಗೆ ಎಡವಿದಳು. ಎರಡನೇ ವಾರ ಒಂದು ಕಣ್ಣು ಬಿಟ್ಟಳು. ಮಳೆ ಶುರುವಾಗುವ ಹೊತ್ತಿಗೆ, ಏನೇ, ಎದ್ಯಾ ಎಂದು ಅದನ್ನು ಮಾತಾಡಿಸುವುದನ್ನು ನಾನೇ ಕೇಳಿದ್ದೇನೆ. ನಾನು ಮತ್ತೆ ಪೆಟ್ಟಿಗೆಯಲ್ಲಿ ಚಿತ್ರ ಇಡತೊಡಗಿದ್ದೆ. ದೀಪಕ್ ಅಂಕಲ್ ಮಾರನೆಯ ದಿನವೇ ಕೊಂಬು ಬರೆದರು. ಪದ್ಮಕ್ಕ ಬರೆಯಲಿಲ್ಲ. ಎದುರು ಸಿಕ್ಕರೆ ನಗುತ್ತಿದ್ದಳು, ಊಟ ಆಯ್ತಾ ಎನ್ನುತ್ತಿದ್ದಳು, ಪೆಟ್ಟಿಗೆಯ ಮುಂದೆ ಹಾದುಹೋಗುತ್ತಿದ್ದಳು. ಸೇರಿಸದೆ ವಾಪಸ್ ಇಡಬಾರದು ಎಂಬ ಕಾನೂನು ಮಾಡಿದವಳೇ ಮುಟ್ಟದೆ ಬಿಟ್ಟಿದ್ದಳು. ನಾನೂ ಹುಲ್ಲು ಬರೆಯುವುದನ್ನು ಬಿಟ್ಟೆ. ಕಾಲಿಲ್ಲದ ಬೆಕ್ಕು ಬಿಳಿ ಹಾಳೆಯಲ್ಲಿ ಹಾಗೇ ತೇಲುತ್ತಿರಲಿ ಎಂದು ಕೆಳಗೆ ಜಾಗ ಬಿಟ್ಟು ಇಡುತ್ತಿದ್ದೆ. ದಿನವೂ ಸ್ಕೂಲಿಂದ ಬಂದವಳು ಬ್ಯಾಗು ಇಳಿಸುವ ಮೊದಲು ಪೆಟ್ಟಿಗೆ ತೆಗೆಯುವುದು, ದಿನವೂ ಮುಚ್ಚುವುದು.

ಹೊಸ ಮಹಡಿಗೆ ಸುಣ್ಣ ಹೊಡೆಯುತ್ತಿದ್ದ ಒಂದು ಸಂಜೆ ಎಂದಿನಂತೆ ಪೆಟ್ಟಿಗೆಯ ಮುಚ್ಚಳ ತೆಗೆದೆ. ಕೊಂಬಿನ ಬೆಕ್ಕು ಅಲ್ಲೇ ಇತ್ತು. ಹಾಳೆಯ ಕೆಳಗೆ, ನಾನು ಬಿಟ್ಟಿದ್ದ ಜಾಗದಲ್ಲಿ, ಮೂರು ಬೆರಳು ಮುಂದೆ, ಒಂದು ಹಿಂದೆ, ಮೊಣಕಾಲಿಗೆ ಒಂದು ಗಂಟು. ಬೆಕ್ಕು ನಿಂತಿತ್ತು.